ಇಪಿಎಬಿಎಕ್ಸ್ ಕೆಟ್ಟಿದೆ, ಮುಂದೇನು? ಕಚೇರಿ ಫೋನಿನ ಮಾರುಕಟ್ಟೆ ಎತ್ತ ಸಾಗಿದೆ

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಪಂಪು, ವಾಲ್ವುಗಳ ಬಿಡಿಭಾಗ ಮಾಡುವ ಘಟಕ. ಗದಗ ಮತ್ತು ಬಳ್ಳಾರಿಯಲ್ಲಿ ಮಾರಾಟ ಮಳಿಗೆ ಇವೆ. ಎಲ್ಲ ಸೇರಿ 42 ಜನ. ಕಚೇರಿಯ ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ, 2009ರಲ್ಲಿ ಹಾಕಿಸಿದ ಇಪಿಎಬಿಎಕ್ಸ್‌ನ ಎರಡು ಕಾರ್ಡು ಈ ಸಲದ ಸಿಡಿಲಿಗೆ ಸುಟ್ಟವು. ರಿಪೇರಿಯವರು "ಇದರ ಕಾರ್ಡ್ ಇನ್ನ ಸಿಗಂಗಿಲ್ರಿ, ಕಂಪನಿನೇ ಬಂದ್ ಮಾಡೈತಿ" ಎಂದರು. ಒಬ್ಬ ವ್ಯಾಪಾರಿ ಅದೇ ಕೆಲಸವನ್ನು ಇಂಟರ್ನೆಟ್ ತಂತ್ರದಲ್ಲಿ ಮಾಡುವ ಹೊಸ ಐಪಿ ಪಿಬಿಎಕ್ಸ್ ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ಫೋನು, ಮೀಟಿಂಗು, ಚಾಟು ಎಲ್ಲ ಸೇರಿದ 'ಯೂನಿಫೈಡ್ ಕಮ್ಯುನಿಕೇಶನ್ಸ್' ಕ್ಲೌಡ್‌ನಲ್ಲಿ ಕೊಡುತ್ತೇವೆ, ತಲೆಗೆ ತಿಂಗಳಿಗಿಷ್ಟು, ಐದು ವರ್ಷದ ಒಪ್ಪಂದ ಅನ್ನುತ್ತಾರೆ. ನನ್ನ ಮಗ ವಾಟ್ಸ್ಆ್ಯಪ್ ಇರುವಾಗ ಇದ್ಯಾವುದೂ ಬೇಡ ಅನ್ನುತ್ತಾನೆ. ಮಾರುಕಟ್ಟೆ ನಿಜಕ್ಕೂ ಎತ್ತ ಹೋಗುತ್ತಿದೆ? ಕರೆಗೆ ಎಐ ಉತ್ತರಿಸುತ್ತದೆ ಅನ್ನುವುದನ್ನು ನಂಬಬಹುದೆ?

ಉತ್ತರ: ನಿಮ್ಮ ಪೆಟ್ಟಿಗೆ ಯಾವ ಕಂಪನಿಯದೆಂದು ನೀವು ಬರೆದಿಲ್ಲ. ಆದರೂ ರಿಪೇರಿಯವರ ಮಾತು ನಂಬುವಂಥದ್ದೇ. ನಮ್ಮ ಕಡೆಯ ಲಾಡ್ಜು, ನರ್ಸಿಂಗ್ ಹೋಮು, ಮಿಲ್ಲುಗಳ ಗೋಡೆಗೆ ಸಾಲುಸಾಲಾಗಿ ತೂಗುಹಾಕಿರುವ ಪ್ಯಾನಾಸೋನಿಕ್ ಪಿಬಿಎಕ್ಸ್‌ಗಳನ್ನು ನೋಡಿರುತ್ತೀರಿ. ಆ ವ್ಯವಹಾರವನ್ನೇ ಮುಚ್ಚುವುದಾಗಿ ಕಂಪನಿ 2022ರಲ್ಲಿ ಪ್ರಕಟಿಸಿತು. ದೊಡ್ಡ ಕಚೇರಿಗಳಿಗೆ ಎಕ್ಸ್‌ಚೇಂಜ್ ಮಾರುತ್ತಿದ್ದ ಅಮೆರಿಕದ ಅವಾಯಾ, ದಿವಾಳಿ ರಕ್ಷಣೆ ಕೋರಿ 2017ರಲ್ಲೊಮ್ಮೆ, 2023ರಲ್ಲಿ ಮತ್ತೊಮ್ಮೆ ಕೋರ್ಟಿಗೆ ಹೋಯಿತು. ಸೀಮೆನ್ಸ್‌ನ ಹಳೆಯ ಫೋನ್ ವ್ಯವಹಾರದಿಂದ ಬೆಳೆದ ಯೂನಿಫೈ ಕಂಪನಿಯನ್ನು 2023ರಲ್ಲಿ ಕೊಂಡ ಮೈಟೆಲ್, 2025ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿಯಿತು. ಅವಾಯಾ, ಮೈಟೆಲ್ ಎರಡೂ ಕಂಪನಿಗಳು ಸಾಲ ಇಳಿಸಿಕೊಂಡು ಹೊರಬಂದಿವೆ, ಈಗಲೂ ವ್ಯಾಪಾರ ಮಾಡುತ್ತಿವೆ. ವಡೋದರಾದ ಮ್ಯಾಟ್ರಿಕ್ಸ್‌ನಂಥ ನಮ್ಮ ದೇಶದ ತಯಾರಕರು ಪಿಬಿಎಕ್ಸ್ ಮಾಡುವುದನ್ನು ಬಿಟ್ಟಿಲ್ಲ. ಆದರೆ ಪೆಟ್ಟಿಗೆಯೊಂದನ್ನು ಒಮ್ಮೆ ಮಾರಿ, ಆಮೇಲೆ ವರ್ಷವರ್ಷ ನಿರ್ವಹಣೆಯ (ಎಎಂಸಿ) ದುಡ್ಡು ಪಡೆಯುತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ.

ಈ ಪೆಟ್ಟಿಗೆ ಒಂದು ಕಾಲದಲ್ಲಿ ಎಷ್ಟು ದೊಡ್ಡ ಸಂಗತಿಯಾಗಿತ್ತು ಎನ್ನುವುದಕ್ಕೆ ನಿಮ್ಮೂರಿನಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲೇ ಸಾಕ್ಷಿ ಇದೆ. 1984ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಸಿ-ಡಾಟ್, ಹಳ್ಳಿಗಳಿಗೆಂದು ರೂಪಿಸಿದ 128 ಪೋರ್ಟ್‌ಗಳ ಎಕ್ಸ್‌ಚೇಂಜನ್ನು 1986ರ ಜುಲೈನಲ್ಲಿ ಮೊದಲು ಚಾಲೂ ಮಾಡಿದ್ದು ಕಿತ್ತೂರಿನಲ್ಲಿ. ಧೂಳು, ಸೆಕೆ, ಕೈಕೊಡುವ ಕರೆಂಟು ಎಲ್ಲ ತಡೆದುಕೊಂಡು ಎಸಿ ಇಲ್ಲದ ಕೋಣೆಯಲ್ಲಿ ಓಡಬೇಕು ಅನ್ನುವುದೇ ಅದರ ವಿನ್ಯಾಸದ ಶರತ್ತಾಗಿತ್ತು. ಆಗ ಯಾರ ಕರೆಯನ್ನು ಯಾರಿಗೆ ಜೋಡಿಸಬೇಕು ಎನ್ನುವ ಬುದ್ಧಿಯೆಲ್ಲ ಆ ಕಪಾಟಿನ ಕಾರ್ಡುಗಳಲ್ಲೇ ಇತ್ತು. ಇಂದು ಅದೇ ಕೆಲಸ ಒಂದು ಸಣ್ಣ ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಮುಗಿಯುತ್ತದೆ. 1999ರಲ್ಲಿ ಬಂದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಕರೆ ಪ್ರೋಗ್ರಾಮ್ ಆದ ಮೇಲೆ ಅದಕ್ಕೆ ಚಾಟು, ವಿಡಿಯೊ ಮೀಟಿಂಗು, ಮೊಬೈಲಿನಲ್ಲೇ ಎಕ್ಸ್‌ಟೆನ್ಷನ್ ಸೇರಿಸುವುದು ಸುಲಭವಾಯಿತು. ಹಾಗೆ ಸೇರಿಸಿದ ಕಟ್ಟಿಗೆ ಯೂನಿಫೈಡ್ ಕಮ್ಯುನಿಕೇಶನ್ಸ್ ಎಂದು ಹೆಸರು. ಅದನ್ನು ನಿಮ್ಮ ಗೋಡೆಯ ಮೇಲಿಂದ ತೆಗೆದು ಮಾರುವವರ ಡೇಟಾ ಸೆಂಟರಿನಲ್ಲಿಟ್ಟು ತಲೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಅದೇ ನಿಮ್ಮ ಎರಡನೆಯ ವ್ಯಾಪಾರಿ ಹೇಳುತ್ತಿರುವ ಕ್ಲೌಡ್.

ಬಾಡಿಗೆಗೆ ನನ್ನ ತಕರಾರಿಲ್ಲ. ನನ್ನ ತಕರಾರು ಐದು ವರ್ಷಕ್ಕೆ. ಈ ಬೀದಿಯಲ್ಲಿ ಮನೆ ಮಾಲೀಕರು ಎಷ್ಟು ಬೇಗ ಬೀಗ ಹಾಕಿಕೊಂಡು ಹೋಗುತ್ತಾರೆ ನೋಡಿ. ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರಿಗೆ ಕೊಂಡ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ಕಚೇರಿಗಳಿಗೆಂದೇ ಇದ್ದ ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ 2021ರ ಜುಲೈನಲ್ಲೇ ಹೋಗಿತ್ತು. ಲಾಕ್‌ಡೌನಿನ ಹೊತ್ತಿಗೆ ಅಮೆರಿಕದ ಟೆಲಿಕಾಂ ಕಂಪನಿ ವೆರೈಝನ್ ಕೊಂಡ ಮೀಟಿಂಗ್ ಸೇವೆ ಬ್ಲೂಜೀನ್ಸ್ ನಾಲ್ಕು ವರ್ಷ ಕಳೆಯುವುದರೊಳಗೆ ನಿಂತಿತು. ಅಮೆಜಾನ್ ತನ್ನ ಚೈಮ್ ಮೀಟಿಂಗ್ ಸೇವೆಯನ್ನು 2026ರ ಫೆಬ್ರವರಿಯಲ್ಲಿ ಕೊನೆಗೊಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಮೆಟಾ ಕಚೇರಿಗಳಿಗೆಂದಿದ್ದ ತನ್ನ ವರ್ಕ್‌ಪ್ಲೇಸ್ ಸೇವೆಯನ್ನು ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ಇವರ್ಯಾರೂ ಸಣ್ಣ ಅಂಗಡಿಯವರಲ್ಲ. ಇವರ ಸೇವೆಯೇ ಐದು ವರ್ಷ ಬಾಳುವ ಭರವಸೆ ಇಲ್ಲದಿರುವಾಗ ನೀವು ಐದು ವರ್ಷದ ಕಾಗದಕ್ಕೆ ಸಹಿ ಹಾಕುವುದು ಯಾವ ಲೆಕ್ಕ? ಒಂದು ವರ್ಷ, ಹೆಚ್ಚೆಂದರೆ ಎರಡು. ರಿಯಾಯಿತಿ ಕಡಿಮೆಯಾದರೂ ಅಡ್ಡಿಯಿಲ್ಲ.

ಲೆಕ್ಕವನ್ನೂ ಒಮ್ಮೆ ಬರೆದು ನೋಡಿ. ತಲೆಗೆ ತಿಂಗಳಿಗೆ 500 ರೂಪಾಯಿ ಎಂದಿಟ್ಟುಕೊಂಡರೂ 42 ಜನಕ್ಕೆ 21,000. ಐದು ವರ್ಷಕ್ಕೆ 12,60,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ನಿಮ್ಮ 42 ಜನರಲ್ಲಿ ಮೇಜಿನ ಮೇಲೆ ಫೋನ್ ಬೇಕಾದವರೆಷ್ಟು? ಲೇತ್ ಮೇಲೆ ನಿಂತವರಿಗೆ, ಪ್ಯಾಕಿಂಗ್‌ನವರಿಗೆ, ಗಾಡಿ ಓಡಿಸುವವರಿಗೆ ಎಕ್ಸ್‌ಟೆನ್ಷನ್ ಬೇಕಿಲ್ಲ. ನನ್ನ ಅಂದಾಜಿನಲ್ಲಿ ಹನ್ನೆರಡು ಜನ. ಆಗ ಅದೇ ದರದಲ್ಲಿ ಐದು ವರ್ಷಕ್ಕೆ 3,60,000. ಎಲ್ಲ ಸಿಬ್ಬಂದಿಯನ್ನೂ ಎಣಿಸಿ ಕೊಟೇಶನ್ ಕೊಟ್ಟವರಿಗೆ ಮೊದಲು ಇದನ್ನು ಕೇಳಿ.

ಇನ್ನು ಮೀಟಿಂಗಿನ ವಿಷಯ. ನಿಮ್ಮ ಕಂಪನಿಯ ಇ-ಮೇಲ್ ಮೈಕ್ರೋಸಾಫ್ಟ್‌ನದೋ ಗೂಗಲ್‌ನದೋ ಆಗಿದ್ದರೆ ಟೀಮ್ಸ್ ಅಥವಾ ಮೀಟ್ ಬಹುಶಃ ಆ ದುಡ್ಡಿನಲ್ಲೇ ಬಂದಿದೆ. ಹೀಗೆ ಜತೆಗಟ್ಟಿ ಕೊಟ್ಟದ್ದೇ ಈ ಮಾರುಕಟ್ಟೆಯ ಅತಿ ದೊಡ್ಡ ಜಗಳಕ್ಕೆ ಕಾರಣವಾಯಿತು. ಆಫೀಸ್ ಜತೆ ಟೀಮ್ಸ್ ಸೇರಿಸಿ ಕೊಡುವುದು ಅನ್ಯಾಯದ ಸ್ಪರ್ಧೆ ಎಂದು ಕಚೇರಿ ಚಾಟ್ ಆ್ಯಪ್ ಮಾರುವ ಸ್ಲ್ಯಾಕ್ 2020ರಲ್ಲಿ ಯುರೋಪಿನಲ್ಲಿ ದೂರು ಕೊಟ್ಟಿತು. ಮೈಕ್ರೋಸಾಫ್ಟ್ 2023ರಲ್ಲಿ ಅಲ್ಲಿ, 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಟೀಮ್ಸ್ ಇಲ್ಲದ ಪ್ಯಾಕೇಜನ್ನೂ ಮಾರತೊಡಗಿತು. ಆ ನಡುವೆ ಸ್ಲ್ಯಾಕನ್ನೇ ಸೇಲ್ಸ್‌ಫೋರ್ಸ್ 2,770 ಕೋಟಿ ಡಾಲರಿಗೆ ಕೊಂಡಾಗಿತ್ತು. ನಿಮಗೆ ಇದರಿಂದ ತಿಳಿಯಬೇಕಾದದ್ದು ಒಂದೇ: ಈಗಿನ ಬಿಲ್ಲಿನಲ್ಲಿ ಮೀಟಿಂಗ್ ಸೇರಿದೆಯೋ ಇಲ್ಲವೋ ನೋಡಿ, ಸೇರಿದ್ದರೆ ಮತ್ತೊಬ್ಬರಿಗೆ ಅದಕ್ಕೇ ದುಡ್ಡು ಕೊಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ: ನಿಮ್ಮ ನಂಬರು. ಪೆಟ್ಟಿಗೆ ಹೋದರೆ ಇನ್ನೊಂದು ತರಬಹುದು, ಆ್ಯಪ್ ಮುಚ್ಚಿದರೆ ಇನ್ನೊಂದು ಹಾಕಬಹುದು. ಹದಿನೈದು ವರ್ಷದಿಂದ ನಿಮ್ಮ ಬಿಲ್ಲು, ಬೋರ್ಡು, ಪಂಪಿನ ಮೇಲಿನ ಸ್ಟಿಕ್ಕರು, ಕೊಪ್ಪಳದ ಯಾವುದೋ ಹಾರ್ಡ್‌ವೇರ್ ಅಂಗಡಿಯ ಕ್ಯಾಲೆಂಡರು, ಎಲ್ಲದರ ಮೇಲೂ ಇರುವ 0836ರ ಆ ನಂಬರು ಹೋದರೆ ತರುವುದಕ್ಕಾಗುವುದಿಲ್ಲ. ಮೊಬೈಲ್ ನಂಬರನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ಲ್ಯಾಂಡ್‌ಲೈನಿಗೆ ಆ ಸೌಲಭ್ಯವಿಲ್ಲ. ಕ್ಲೌಡ್ ಮಾರುವವರು "ನಂಬರ್ ನಾವು ಕೊಡುತ್ತೇವೆ" ಎಂದಾಗ, ಅದು ಹೊಸ ನಂಬರು, ಅವರ ಹೆಸರಿನಲ್ಲಿ ಅಥವಾ ಅವರ ಹಿಂದಿರುವ ಟೆಲಿಕಾಂ ಕಂಪನಿಯ ಕೈಯಲ್ಲಿರುವ ನಂಬರು ಎಂದು ಅರ್ಥ. ಒಪ್ಪಂದ ಮುರಿದ ದಿನ ಅದು ಯಾರ ಪಾಲಾಗುತ್ತದೆ ಎನ್ನುವುದು ಕಾಗದದಲ್ಲಿರಬೇಕು.

ಹಾಗಾಗಿ ಈಗಿನ ಲೈನ್ ಕೊಟ್ಟವರ ಹತ್ತಿರವೇ ಮೊದಲು ಹೋಗಿ. ಬಿಎಸ್‌ಎನ್‌ಎಲ್ ಆಗಿದ್ದರೆ, ತಾಮ್ರದ ತಂತಿಯಿಂದ ಫೈಬರಿಗೆ ಬದಲಾಯಿಸುವಾಗ ಹಳೆಯ ನಂಬರನ್ನೇ ಉಳಿಸಿಕೊಡುವ ವ್ಯವಸ್ಥೆ ಇದೆ. ಪಿಆರ್‌ಐ ಇದ್ದರೆ, ಅಂದರೆ ಒಂದೇ ಕೇಬಲಿನಲ್ಲಿ 30 ಕರೆ ಬರುವಂಥದ್ದಿದ್ದರೆ, ಅದೇ ನಂಬರುಗಳನ್ನು ಸಿಪ್ ಟ್ರಂಕ್‌ಗೆ ಬದಲಿಸಿ ಕೊಡಲು ಸಾಧ್ಯವೇ ಎಂದು ಬರವಣಿಗೆಯಲ್ಲಿ ಕೇಳಿ. ಸಿಪ್ ಟ್ರಂಕ್ ಎಂದರೆ ಅದೇ ಕರೆಗಳು ಇಂಟರ್ನೆಟ್ ತಂತ್ರದಲ್ಲಿ ಫೈಬರ್ ಮೂಲಕ ಬರುವುದು. 30 ಚಾನೆಲ್ (ಅಂದರೆ ಒಟ್ಟಿಗೆ 30 ಕರೆ) ಬೇಡವಾದರೆ ಹತ್ತೇ ತೆಗೆದುಕೊಳ್ಳಬಹುದು.

ಲ್ಯಾಂಡ್‌ಲೈನ್ ಸತ್ತೇ ಹೋಯಿತು ಎಂದು ನಿಮ್ಮ ಮಗನಂತೆ ಬಹಳ ಜನ ತಿಳಿದಿದ್ದಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಂಕಿಗಳು ಬೇರೆ ಕತೆ ಹೇಳುತ್ತವೆ. 2020ರ ಕೊನೆಗೆ ದೇಶದಲ್ಲಿ ಸುಮಾರು 2 ಕೋಟಿ ಇದ್ದ ಸ್ಥಿರ ದೂರವಾಣಿ ಸಂಪರ್ಕಗಳು 2024ರ ಕೊನೆಗೆ 4 ಕೋಟಿಯ ಹತ್ತಿರ ಬಂದವು. ಮನೆಮನೆಗೆ ಹೋದ ಫೈಬರ್ ಬ್ರಾಡ್‌ಬ್ಯಾಂಡಿನ ಜತೆ ಫೋನ್ ಸಂಪರ್ಕವೂ ಬಂದದ್ದು ಇದಕ್ಕೆ ಕಾರಣ. ಸಾಯುತ್ತಿರುವುದು ತಾಮ್ರದ ತಂತಿ. ಬ್ರಿಟನ್ ತಾಮ್ರದ ತಂತಿಯ ಮೇಲೆ ನಡೆಯುವ ತನ್ನ ಹಳೆಯ ಫೋನ್ ಜಾಲವನ್ನು 2027ರ ಜನವರಿ ಕೊನೆಗೆ ನಿಲ್ಲಿಸುವುದಾಗಿ ದಿನಾಂಕವನ್ನೇ ಗೊತ್ತು ಮಾಡಿದೆ. ಅಮೆರಿಕದ ಎಟಿ ಆ್ಯಂಡ್ ಟಿ 2029ರ ಕೊನೆಯೊಳಗೆ ಬಹುಪಾಲು ತಾಮ್ರ ತೆಗೆಯುವ ಯೋಜನೆಯಲ್ಲಿದೆ.

ವಿದೇಶದ ಕ್ಲೌಡ್ ಫೋನ್ ಕಂಪನಿಗಳು ನಮ್ಮಲ್ಲಿಗೆ ತಡವಾಗಿ ಬಂದದ್ದಕ್ಕೆ ಕಾರಣವೂ ನಂಬರಿನಲ್ಲೇ ಇದೆ. ನಮ್ಮ ದೇಶದಲ್ಲಿ ಇಂಟರ್ನೆಟ್ ಮೂಲಕ ಆಡುವ ಮಾತು ಸಾರ್ವಜನಿಕ ದೂರವಾಣಿ ಜಾಲವನ್ನು ಮುಟ್ಟುವ ಜಾಗದಲ್ಲಿ ಪರವಾನಗಿ ಬೇಕು. ಬಳ್ಳಾರಿ ಲ್ಯಾಂಡ್‌ಲೈನಿಗೆ ಬಂದ ಕರೆಯನ್ನು ನೀವೇ ಒಂದು ಪೆಟ್ಟಿಗೆ ಇಟ್ಟು ಇಂಟರ್ನೆಟ್ ಮೂಲಕ ಹುಬ್ಬಳ್ಳಿಗೆ ಸಾಗಿಸಿ, ಅಲ್ಲಿಂದ ಮತ್ತೆ ಯಾರದೋ ಮೊಬೈಲಿಗೆ ಬಿಟ್ಟರೆ ಟೆಲಿಕಾಂ ಕಂಪನಿಗೆ ಸಲ್ಲಬೇಕಾದ ಟೋಲ್ ತಪ್ಪಿಸಿದಂತಾಗುತ್ತದೆ. ಅದು ಅಪರಾಧ. 2018ರಲ್ಲಿ ಸರ್ಕಾರ ಪರವಾನಗಿದಾರರಿಗೆ ಇಂಟರ್ನೆಟ್ ಟೆಲಿಫೋನಿಯ ದಾರಿ ಸ್ಪಷ್ಟಪಡಿಸಿತು. 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಕಾಲ್ ಸೆಂಟರ್‌ಗಳ ನಿಯಮ ಬಹಳಷ್ಟು ಸಡಿಲವಾಯಿತು. ಝೂಮ್ ಕಂಪನಿ 2023ರಲ್ಲಿ ಇಲ್ಲಿನ ಟೆಲಿಕಾಂ ಪರವಾನಗಿ ಪಡೆದು, 2024ರ ಅಕ್ಟೋಬರ್‌ನಲ್ಲಿ ಮೊದಲು ಪುಣೆಯಲ್ಲಿ ಫೋನ್ ಸೇವೆ ಶುರುಮಾಡಿತು. ಮೈಕ್ರೋಸಾಫ್ಟ್ ತಾನೇ ನಂಬರು ಮಾರದೆ ಏರ್‌ಟೆಲ್‌ನಂಥ ಇಲ್ಲಿನ ಕಂಪನಿಗಳ ಜತೆ ಸೇರಿ ಟೀಮ್ಸ್‌ನಿಂದ ಫೋನ್ ಕರೆ ಹೋಗುವಂತೆ ಮಾಡಿದೆ. ಹೀಗೆ ಅಮೆರಿಕದಲ್ಲಿ ಹತ್ತು ವರ್ಷದ ಹಿಂದೆ ಆದದ್ದು ನಮ್ಮಲ್ಲಿ ಈಗ, ಒಂದೊಂದೇ ಟೆಲಿಕಾಂ ವೃತ್ತಕ್ಕೆ (ಸರ್ಕಲ್‌ಗೆ) ಕಾಲಿಡುತ್ತಿದೆ. ಮೊದಲ ವರ್ಷದ ದರ, ಸೇವೆ ಎರಡೂ ಬದಲಾಗುತ್ತಲೇ ಇರುತ್ತವೆ. ಕಾಯುವವರಿಗೆ ನಷ್ಟವಿಲ್ಲ. ಯಾರಾದರೂ "ಎಸ್‌ಟಿಡಿ ಖರ್ಚೇ ಇಲ್ಲ, ಸಿಮ್ ಹಾಕಿದ ಪೆಟ್ಟಿಗೆ ಇಡುತ್ತೇವೆ" ಎಂದು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಅಂಥ ಸಿಮ್ ಬಾಕ್ಸ್‌ಗಳ ಮೇಲೆ ಬೆಂಗಳೂರಿನಲ್ಲಿ ಪೊಲೀಸ್ ದಾಳಿಗಳೇ ಆಗಿವೆ.

ನಿಮ್ಮ ಮಗನ ಮಾತಿಗೆ ಬರೋಣ. ಅವರು ಅರ್ಧ ಸರಿ. ವಾಲ್ವಿನ ಫೋಟೊ ಕಳಿಸಿ "ಇದು ಎಷ್ಟಕ್ಕೆ?" ಎಂದು ಕೇಳುವ ಗಿರಾಕಿ ಇನ್ನು ಲ್ಯಾಂಡ್‌ಲೈನಿಗೆ ಬರುವುದಿಲ್ಲ. ನಮ್ಮಲ್ಲಿ ನಿಜವಾದ ಏಕೀಕೃತ ಸಂವಹನ ವಾಟ್ಸ್ಆ್ಯಪ್‌ನಲ್ಲೇ ನಡೆಯುತ್ತಿದೆ, ಮಾತು, ಚಿತ್ರ, ಬಿಲ್ಲು, ದುಡ್ಡು ಎಲ್ಲ. ತೊಂದರೆ ಇರುವುದು ಅದು ಯಾರ ಫೋನಿನಲ್ಲಿದೆ ಎನ್ನುವಲ್ಲಿ. ನನಗೆ ಪರಿಚಯದ ಒಂದು ವಿತರಕ ಸಂಸ್ಥೆಯಲ್ಲಿ ಎಂಟು ವರ್ಷ ಇದ್ದ ಮಾರಾಟ ಪ್ರತಿನಿಧಿ ಕೆಲಸ ಬಿಟ್ಟರು. ಜಗಳವೇನೂ ಇಲ್ಲ, ಹಾರ ಹಾಕಿಯೇ ಕಳಿಸಿದರು. ಅವರ ಸ್ವಂತ ನಂಬರಿನಲ್ಲಿ ಇದ್ದ ಸುಮಾರು ಇನ್ನೂರು ಅಂಗಡಿಗಳ ಮಾತುಕತೆ, ಹಳೆಯ ದರ, ಬಾಕಿ ಕೊಡುತ್ತೇನೆಂದ ತಾರೀಖು, ಎಲ್ಲ ಅವರ ಜೇಬಿನಲ್ಲೇ ಹೊರಟುಹೋಯಿತು. ಮುಂದಿನ ತಿಂಗಳು ಆ ಅಂಗಡಿಯವರು ಆರ್ಡರ್ ಕಳಿಸಿದ್ದು ಅದೇ ನಂಬರಿಗೆ, ಅದು ಆಗಲೇ ಬೇರೆ ಕಂಪನಿಯ ಮಾಲು ಮಾರುತ್ತಿತ್ತು. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

ಹಾಗಾಗಿ ಕಂಪನಿ ಹೆಸರಿನ ಸಿಮ್, ಕಂಪನಿ ಹೆಸರಿನ ವಾಟ್ಸ್ಆ್ಯಪ್ ಬಿಸಿನೆಸ್. ಮೂರು ಊರಿನಲ್ಲಿ ಹಲವರು ಒಂದೇ ನಂಬರಿನಿಂದ ಉತ್ತರಿಸಬೇಕಾದರೆ 2018ರಲ್ಲಿ ಶುರುವಾದ ಅದರ ಎಪಿಐ ಸೇವೆ (ಕಂಪನಿಯ ಸಾಫ್ಟ್‌ವೇರಿಗೆ ವಾಟ್ಸ್ಆ್ಯಪ್ ಜೋಡಿಸುವ ದಾರಿ) ಬೇಕು, ಅದನ್ನು ಮಧ್ಯವರ್ತಿ ಕಂಪನಿಗಳು ಕೊಡುತ್ತವೆ. 2025ರ ಜುಲೈನಿಂದ ಅದರ ಲೆಕ್ಕ ಸಂದೇಶಕ್ಕಿಷ್ಟು ಎಂದಾಗಿದೆ. ಗಿರಾಕಿಯೇ ಮೊದಲು ಬರೆದರೆ 24 ತಾಸಿನೊಳಗೆ ಕೊಡುವ ಉತ್ತರಕ್ಕೆ ವಾಟ್ಸ್ಆ್ಯಪ್‌ನ ಒಡೆಯ ಮೆಟಾಗೆ ಶುಲ್ಕವಿಲ್ಲ. ನೀವೇ ಮುಂದಾಗಿ ಕಳಿಸುವ ಜಾಹೀರಾತಿಗೆ ಉಂಟು. ನಿಮ್ಮ ವ್ಯಾಪಾರಕ್ಕೆ ಇದು ಒಳ್ಳೆಯ ಸುದ್ದಿ, ಏಕೆಂದರೆ ನಿಮ್ಮಲ್ಲಿ ಮೊದಲು ಕೇಳುವವರು ಗಿರಾಕಿಗಳೇ. ಅದೇ ಎಪಿಐ ಮೂಲಕ ಕರೆ ಮಾಡುವ ಸೌಲಭ್ಯವೂ 2025ರಲ್ಲಿ ಬಂದಿದೆ. ಮುಂದಿನ ಕೆಲವು ವರ್ಷಗಳಲ್ಲಿ ಲ್ಯಾಂಡ್‌ಲೈನಿಗೆ ನಿಜವಾದ ಸ್ಪರ್ಧೆ ಬರುವುದಾದರೆ ಇಲ್ಲಿಂದಲೇ ಎಂಬುದು ನನ್ನ ಅನಿಸಿಕೆ. ಇನ್ನೊಂದು ಎಚ್ಚರಿಕೆ: ಮೆಸೇಜಿಂಗ್ ಆ್ಯಪ್‌ಗಳು ನೋಂದಾಯಿತ ಸಿಮ್ ಇರುವ ಫೋನಿನಲ್ಲೇ ನಡೆಯಬೇಕು, ಕಂಪ್ಯೂಟರಿನಲ್ಲಿ ತೆರೆದದ್ದು ಆರು ತಾಸಿಗೊಮ್ಮೆ ತಾನಾಗಿ ಮುಚ್ಚಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚನೆ ಹೊರಡಿಸಿತು. ಅದು ಯಾವ ರೂಪದಲ್ಲಿ ಜಾರಿಯಾದರೂ ಸರಿ, ಸಿಮ್ ಕಚೇರಿಯ ಫೋನಿನಲ್ಲೇ ಇರಲಿ, ಯಾರದೋ ಮನೆಯ ಡ್ರಾಯರಿನಲ್ಲಿ ಬೇಡ.

ಆದರೆ ಲ್ಯಾಂಡ್‌ಲೈನ್ ಬಿಟ್ಟೇಬಿಡಿ ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕಾರಣ ನಾನು ಕಣ್ಣಾರೆ ಕಂಡದ್ದು. ರಾಣೆಬೆನ್ನೂರಿನ ಒಂದು ಬೀಜದ ವ್ಯಾಪಾರ ಸಂಸ್ಥೆಗೆ ಸಲಹೆಗೆಂದು ಹೋದವನು ಒಂದಿಡೀ ದಿನ ಅವರ ರಿಸೆಪ್ಷನ್ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅಲ್ಲಿದ್ದ ಅಕ್ಕ ಫೋನಿಗೆ ಕಿವಿ ಕೊಟ್ಟೇ ಉದ್ದನೆಯ ಲೆಡ್ಜರಿನಲ್ಲಿ ಬರೆಯುತ್ತಿದ್ದರು: ಹೊತ್ತು, ಊರು, ಹೆಸರು, ಏನು ಕೇಳಿದರು, ಯಾರಿಗೆ ಕೊಟ್ಟೆ, ಅವರು ಎತ್ತಿದರೋ ಇಲ್ಲವೋ. ಎತ್ತದಿದ್ದರೆ ಅಂಚಿನಲ್ಲೊಂದು ಸೊನ್ನೆ. ಸಂಜೆ ಐದಕ್ಕೆ ಸೊನ್ನೆಗಳನ್ನಷ್ಟೇ ನೋಡುತ್ತಾ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡುತ್ತಿದ್ದರು. ಮಿಸ್ಡ್ ಕಾಲ್ ವರದಿ ಎಂದು ಇಂದು ಸಾಫ್ಟ್‌ವೇರ್ ಕಂಪನಿಗಳು ಮಾರುವುದು ಇದನ್ನೇ. ಮುಂದಿನ ವರ್ಷ ಸಂಸ್ಥೆಯವರು ಯಾರನ್ನೂ ಕೇಳದೆ ಹೊಸ ವ್ಯವಸ್ಥೆ ಹಾಕಿಸಿದರು. ಕರೆ ಮಾಡಿದರೆ "ಮಾರಾಟಕ್ಕೆ ಒಂದನ್ನು ಒತ್ತಿ, ಲೆಕ್ಕಪತ್ರಕ್ಕೆ ಎರಡನ್ನು ಒತ್ತಿ" ಎನ್ನುವ ದನಿ. "ಅಕ್ಕಾರ, ಗೋವಿನಜೋಳದ ಬೀಜ ಬಂದೈತೇನ್ರಿ?" ಎಂದು ಕೇಳಿ ರೂಢಿಯಿದ್ದ ರೈತರು ಆ ದನಿ ಮುಗಿಯುವ ಮೊದಲೇ ಫೋನ್ ಇಟ್ಟರು. ಒಂದು ಹಂಗಾಮು ಕಳೆದ ಮೇಲೆ ಸಂಸ್ಥೆಯವರು ಕರೆ ಮೊದಲು ಅಕ್ಕನಿಗೇ ಹೋಗುವಂತೆ, ಅವರು ಎತ್ತದಿದ್ದರೆ ಮಾತ್ರ ಆ ದನಿ ಬರುವಂತೆ ಬದಲಿಸಿಕೊಂಡರು. ನಿಮ್ಮಲ್ಲೂ ಫೋನ್ ಎತ್ತುವವರು ಯಾರೋ ಇದ್ದಾರೆ. ಯಾವ ಕೊಟೇಶನ್ ನೋಡುವ ಮೊದಲೂ ಒಂದು ವಾರ ಅವರ ಕೈಯಲ್ಲಿ ಇಂಥದೇ ಒಂದು ಪುಸ್ತಕ ಬರೆಸಿ. ಒಟ್ಟಿಗೆ ಹೆಚ್ಚೆಂದರೆ ಎಷ್ಟು ಕರೆ ನಡೆಯುತ್ತವೆ ಎನ್ನುವುದು ಅದರಿಂದಲೇ ತಿಳಿಯುತ್ತದೆ. ಎಷ್ಟು ಚಾನೆಲ್ ಬೇಕೆಂಬ ಪ್ರಶ್ನೆಗೆ ಬೇರೆ ಉತ್ತರವಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಐಪಿ ಪಿಬಿಎಕ್ಸ್, ಹಳೆಯ ನಂಬರಿನಲ್ಲೇ ಹತ್ತು ಚಾನೆಲ್‌ನ ಸಿಪ್ ಟ್ರಂಕ್. ಮೇಜಿನ ಮೇಲೆ ಯಾವುದೇ ಸಿಪ್ ವ್ಯವಸ್ಥೆಗೆ ಹೊಂದುವ ಸಾಮಾನ್ಯ ಐಪಿ ಫೋನು, ಒಂದೇ ಕಂಪನಿಯ ಪೆಟ್ಟಿಗೆಗೆ ಮಾತ್ರ ಮಾತಾಡುವಂಥದ್ದಲ್ಲ. ನಾಳೆ ಕ್ಲೌಡಿಗೆ ಹೋಗಬೇಕೆನಿಸಿದರೆ ಆ ಫೋನುಗಳು ಹಾಗೇ ಬರುತ್ತವೆ. ಶಾಪ್ ಫ್ಲೋರ್, ಸೆಕ್ಯೂರಿಟಿ, ಸ್ಟೋರಿನಲ್ಲಿರುವ ಹಳೆಯ ಫೋನುಗಳನ್ನು ಎಸೆಯಬೇಡಿ, ಒಂದು ಸಣ್ಣ ಗೇಟ್‌ವೇ ಹಾಕಿದರೆ ಅವೇ ನಡೆಯುತ್ತವೆ. ಗದಗ, ಬಳ್ಳಾರಿ ಮಳಿಗೆಗಳ ಎಕ್ಸ್‌ಟೆನ್ಷನ್ ಇಂಟರ್ನೆಟ್ ಮೂಲಕ ಸೇರಿಸುವುದಾದರೆ ನಿಮ್ಮ ಟೆಲಿಕಾಂ ಕಂಪನಿಯಿಂದ ಅದು ನಿಯಮಕ್ಕೆ ಸರಿ ಎಂದು ಬರೆಸಿಕೊಳ್ಳಿ. ಅವರು ಹಿಂದೆಮುಂದೆ ನೋಡಿದರೆ ಮಳಿಗೆಗಳಿಗೆ ಸಾದಾ ಮೊಬೈಲ್ ಸಾಕು, ಎರಡೆರಡು ಜನರ ಅಂಗಡಿಗೆ ಅದಕ್ಕಿಂತ ದೊಡ್ಡ ಏರ್ಪಾಡು ಬೇಡ.

ಕೆಲಸ ಕೆಡುವುದು ತಂತ್ರಜ್ಞಾನದ ಆಯ್ಕೆಯಲ್ಲಿ ಅಲ್ಲ, ಅಳವಡಿಸುವಾಗ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಳ್ಳೆಯ ಗುಣಮಟ್ಟದ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್ ವೇಗ ಸಾಕು. ಹತ್ತು ಕರೆ ಒಟ್ಟಿಗೆ ನಡೆದರೂ ಒಂದು ಎಂಬಿಪಿಎಸ್ ದಾಟುವುದಿಲ್ಲ. ನಿಮ್ಮ ಫೈಬರ್ ನೂರು ಎಂಬಿಪಿಎಸ್ ಇದ್ದರೂ ಮಾತು ಕಡಿದು ಬರಬಹುದು, ಏಕೆಂದರೆ ಮಾತಿಗೆ ವೇಗಕ್ಕಿಂತ ನಿಗದಿತ ಹೊತ್ತಿಗೆ ತಲುಪುವುದು ಮುಖ್ಯ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಬೇಕು ಎನ್ನುವುದು ಅಂತಾರಾಷ್ಟ್ರೀಯ ಮಾನದಂಡ. ಡಿಸೈನ್ ವಿಭಾಗದವರು ದೊಡ್ಡ ಡ್ರಾಯಿಂಗ್ ಫೈಲ್ ಕಳಿಸುವಾಗಲೇ ಗಿರಾಕಿ ಜತೆ ಮಾತು ನಡೆದಿದ್ದರೆ ಮಾತು ಸರತಿಯಲ್ಲಿ ಹಿಂದೆ ಬೀಳುತ್ತದೆ. ರೂಟರಿನಲ್ಲಿ ಮಾತಿಗೆ ಆದ್ಯತೆ ಕೊಡುವ ವ್ಯವಸ್ಥೆ ಮಾಡಿಸಬೇಕು.

ಇನ್ನೊಂದು, ರೂಟರಿನೊಳಗೆ ಸಿಪ್ ಎಎಲ್‌ಜಿ ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಸಹಾಯ ಮಾಡಲೆಂದು ಇಟ್ಟದ್ದು, ಬಹಳ ಸಲ ಕೆಡಿಸುತ್ತದೆ. ಒಂದು ಕಚೇರಿಯಲ್ಲಿ ಹೊಸ ಫೋನು ಹಾಕಿದ ದಿನದಿಂದ ನಾವು ಹೇಳಿದ್ದು ಅವರಿಗೆ ಕೇಳಿಸುತ್ತಿತ್ತು, ಅವರು ಹೇಳಿದ್ದು ನಮಗಿಲ್ಲ. ಮೂರು ದಿನ ಫೋನಿನ ಕಂಪನಿ ಇಂಟರ್ನೆಟ್‌ನವರ ಮೇಲೆ, ಇಂಟರ್ನೆಟ್‌ನವರು ಫೋನಿನವರ ಮೇಲೆ ಹಾಕುತ್ತಾ ಕಳೆದರು. ಮಾಲೀಕರು ಗಿರಾಕಿಗಳ ಕ್ಷಮೆ ಕೇಳುತ್ತಾ ಸ್ವಂತ ಮೊಬೈಲಿನಲ್ಲಿ ಮಾತಾಡಿದರು. ನಾಲ್ಕನೆಯ ದಿನ ರೂಟರ್ ತೆರೆದು ಆ ಒಂದು ಟಿಕ್ ತೆಗೆದೆವು, ದನಿ ಬಂತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಫೋನು, ರೂಟರು, ಲೈನು ಮೂರಕ್ಕೂ ಸೇರಿ ಜವಾಬ್ದಾರಿ ಹೊರುವ ಒಬ್ಬರ ಹೆಸರು ಒಪ್ಪಂದದಲ್ಲಿರಲಿ.

ಸಿಡಿಲಿನ ಮಾತೂ ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಿಮ್ಮ ಕಾರ್ಡು ಸುಟ್ಟದ್ದು ಬಹುಮಟ್ಟಿಗೆ ತಾಮ್ರದ ಲೈನಿನಲ್ಲಿ ಹರಿದುಬಂದ ಹೊಡೆತದಿಂದ ಇರಬೇಕು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆ ಅಪಾಯ ತಗ್ಗುತ್ತದೆ. ಆದರೆ ಶೆಡ್ಡಿನಿಂದ ಶೆಡ್ಡಿಗೆ ಎಳೆದ ನೆಟ್‌ವರ್ಕ್ ಕೇಬಲು ತಾಮ್ರದ್ದೇ. ಅಂಗಳ ದಾಟುವ ಕಡೆ ಅಲ್ಲೂ ಫೈಬರ್ ಹಾಕಿಸಿ, ಅರ್ಥಿಂಗ್ ಮತ್ತೊಮ್ಮೆ ಅಳೆಸಿ. ಇದಕ್ಕೆ ಬದಲಾಗಿ ಕಳೆದುಕೊಳ್ಳುವುದೂ ಒಂದಿದೆ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟು ಹೋದರೂ ಫೋನ್ ನಡೆಯುತ್ತಿತ್ತು. ಫೈಬರಿನಲ್ಲಿ ಹಾಗಿಲ್ಲ. ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್, ಪಿಬಿಎಕ್ಸ್ ನಾಲ್ಕೂ ಯುಪಿಎಸ್ ಮೇಲಿರಬೇಕು. ಜತೆಗೆ ಬೇರೊಂದು ಕಂಪನಿಯ ಇಂಟರ್ನೆಟ್ ಇರಲಿ, ಸಿಮ್ ಹಾಕುವ ರೂಟರಾದರೂ ಸಾಕು. ಮತ್ತು ಪಿಬಿಎಕ್ಸ್‌ನ ಕಾರ್ಖಾನೆ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಐಎಸ್‌ಡಿ ಮುಚ್ಚಿಸಿ. ಇಂಟರ್ನೆಟ್‌ಗೆ ತೆರೆದ ಪಿಬಿಎಕ್ಸ್‌ಗೆ ರಾತ್ರೋರಾತ್ರಿ ಹೊಕ್ಕು ವಿದೇಶಕ್ಕೆ ಕರೆ ಹರಿಸುವ ಕಳ್ಳರು ಲೋಕದ ತುಂಬ ಇದ್ದಾರೆ, ಬಿಲ್ಲು ಬರುವುದು ನಿಮ್ಮ ಹೆಸರಿಗೆ.

ಕೊನೆಗೆ ಎಐ. ಮಾರುಕಟ್ಟೆಯ ಹಣವೆಲ್ಲ ಈಗ ಅಲ್ಲಿಗೇ ಹರಿಯುತ್ತಿದೆ. ಮೀಟಿಂಗಿನ ಟಿಪ್ಪಣಿ ಬರೆಯುವ ಎಐಯನ್ನು ಝೂಮ್ 2023ರ ಸೆಪ್ಟೆಂಬರ್‌ನಲ್ಲಿ ದುಡ್ಡು ಕೊಡುವ ಗ್ರಾಹಕರಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಸೇರಿಸಿತು. ಮೈಕ್ರೋಸಾಫ್ಟ್ ಅದೇ ನವೆಂಬರ್‌ನಲ್ಲಿ ತನ್ನ ಕೋಪೈಲಟ್‌ಗೆ ತಲೆಗೆ ತಿಂಗಳಿಗೆ 30 ಡಾಲರ್ ಇಟ್ಟಿತು. ಇಂಗ್ಲಿಷಿನ ಮೀಟಿಂಗಿಗೆ ಈ ಟಿಪ್ಪಣಿಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ನಾನೂ ಬಳಸುತ್ತೇನೆ. ನಿಮ್ಮ ಗಿರಾಕಿಯ ಕರೆ ಬೇರೆ. ಫೋನಿನ ಹಳೆಯ ಜಾಲ ಮನುಷ್ಯ ದನಿಯ 300ರಿಂದ 3,400 ಹರ್ಟ್ಸ್ ಭಾಗವನ್ನಷ್ಟೇ ಸಾಗಿಸುತ್ತದೆ, ಉಳಿದದ್ದು ಅಲ್ಲೇ ಕತ್ತರಿಸಿಹೋಗುತ್ತದೆ. ಅದರ ಮೇಲೆ ಸಂತೆಯ ಗದ್ದಲ, ಪಂಪ್‌ಸೆಟ್ಟಿನ ಸದ್ದು, ಕನ್ನಡದೊಳಗೆ ಇಂಗ್ಲಿಷು, ಉರ್ದು. "ಮುಕ್ಕಾಲ್ ಇಂಚಿಂದು ಹತ್ತು ನಗ, ಒಂದೂಕಾಲಿಂದು ಹತ್ತೊಂಬತ್ತು" ಎಂದು ಗಿರಾಕಿ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಯಂತ್ರ ಒಂದು ಅಕ್ಷರ ತಪ್ಪು ಕೇಳಿಸಿಕೊಂಡರೂ ನಿಮ್ಮ ಗಾಡಿ ಕುಷ್ಟಗಿಯವರೆಗೆ ಹೋಗಿ ವಾಪಸ್ ಬರಬೇಕು. ಹಾಗಾಗಿ ಎಐ ರಾತ್ರಿ ಹೊತ್ತಿನ ಕರೆಗೆ "ನಾಳೆ ಹತ್ತಕ್ಕೆ ಫೋನ್ ಮಾಡುತ್ತೇವೆ" ಎಂದು ಹೇಳಲಿ, ಹೆಸರು, ಊರು ಬರೆದುಕೊಳ್ಳಲಿ. ಆರ್ಡರ್ ಬರೆಯುವುದು ಸದ್ಯಕ್ಕೆ ಮನುಷ್ಯರ ಕೆಲಸವಾಗಿರಲಿ.

ಕರೆಗಳನ್ನು ರೆಕಾರ್ಡ್ ಮಾಡುವುದಿದ್ದರೆ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಅನ್ವಯಿಸುತ್ತವೆ. ಏನನ್ನು, ಯಾಕೆ ಇಟ್ಟುಕೊಳ್ಳುತ್ತೀರಿ ಎಂಬ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಯಲ್ಲೂ, ಅಂದರೆ ಕನ್ನಡದಲ್ಲೂ, ಪಡೆಯುವ ಹಕ್ಕು ಆಗ ಗಿರಾಕಿಗೆ ಬರುತ್ತದೆ. ಕ್ಲೌಡ್ ಮಾರುವವರ ಹತ್ತಿರ ಕನ್ನಡದ ಸೂಚನೆ ಸಿದ್ಧವಿದೆಯೇ, ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ, ಒಪ್ಪಂದ ಬಿಟ್ಟಾಗ ಅದನ್ನು ನಿಮಗೆ ಕೊಟ್ಟು ತಮ್ಮಲ್ಲಿ ಅಳಿಸುತ್ತಾರೆಯೇ ಎಂದು ಕೇಳಿ.

ಎಐ ಮಾರಲು ಬಂದವರನ್ನು ಪರೀಕ್ಷಿಸುವುದು ಕಷ್ಟವಲ್ಲ. ಅವರ ಲ್ಯಾಪ್‌ಟಾಪಿನ ಡೆಮೊ ನೋಡಬೇಡಿ. ನಿಮ್ಮ ಪರಿಚಯದ ಹತ್ತು ಗಿರಾಕಿಗಳ ಒಪ್ಪಿಗೆ ಪಡೆದು ಅವರ ಕರೆ ರೆಕಾರ್ಡ್ ಮಾಡಿಸಿ: ಒಬ್ಬರು ಬಳ್ಳಾರಿಯವರು, ಒಬ್ಬರು ಕಲಬುರಗಿಯವರು, ಒಬ್ಬರು ಗಾಡಿ ಓಡಿಸುತ್ತಾ ಮಾತಾಡುವವರು. ಅದನ್ನು ಅವರ ಯಂತ್ರಕ್ಕೆ ನಿಮ್ಮೆದುರೇ ಕೇಳಿಸಿ, ಬರೆದುಕೊಟ್ಟದ್ದನ್ನು ನಿಮ್ಮಲ್ಲಿ ಫೋನ್ ಎತ್ತುವವರ ಕೈಗೆ ಕೊಡಿ. ಅಳತೆ, ಸಂಖ್ಯೆ, ಊರು, ಈ ಮೂರಕ್ಕೆ ಅವರು ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ. ಆ ಹಾಳೆ ನೋಡಿದ ಮೇಲೆ ದರದ ಮಾತು ಶುರುಮಾಡಿ.